ಪ್ರತಿ: ನನ್ನ ದನಿಯ ಎಐ ವಿಡಿಯೊ, ಕಾಪಿರೈಟ್ ದೂರು ಯಾಕೆ ತಿರಸ್ಕಾರವಾಯ್ತು?

ಯಾರೋ ನಿಮ್ಮ ದನಿ ನಕಲು ಮಾಡಿ ಯೂಟ್ಯೂಬ್‌ಗೆ ಹಾಕಿದ ವಿಡಿಯೊ ಮೇಲೆ ನೀವು ಕೊಟ್ಟ ದೂರಿನ ಬಗ್ಗೆ ಕೇಳಿದ್ದೀರಿ. ಕಾಪಿರೈಟ್ ಇರುವುದು ರೆಕಾರ್ಡಿಂಗ್‌ಗೆ, ಬರೀ ದನಿಗಲ್ಲ. ನೀವು ಹಾಡದೇ ಇದ್ದ ಭಾವಗೀತೆಯನ್ನು ಎಐ ನಿಮ್ಮ ದನಿಯಲ್ಲಿ ಹಾಡಿದೆ, ಅದಕ್ಕೇ ದೂರು ತಿರಸ್ಕಾರವಾಗಿದೆ. ಯೂಟ್ಯೂಬ್‌ನಲ್ಲಿ ಪ್ರೈವೆಸಿ ದೂರು ಅಂತ ಬೇರೆಯೇ ಇದೆ. 2024ರಿಂದ ಎಐ ನಕಲು ದನಿಗೂ ಅದನ್ನು ಕೊಡಬಹುದು.

ಮೊದಲು ಸ್ಕ್ರೀನ್ ರೆಕಾರ್ಡ್ ಮಾಡಿ, ಲಿಂಕ್ ಬರೆದಿಡಿ. ವಿಡಿಯೊ ಹಾಕಿದವರು ಅಳಿಸಿಬಿಟ್ಟರೆ ಸಾಕ್ಷಿಯೇ ಇರುವುದಿಲ್ಲ, ಅಲ್ವಾ? ಆಮೇಲೆ ದೂರಿನಲ್ಲಿ ನಿಮಿಷ, ಸೆಕೆಂಡ್ ಸಮೇತ ಬರೆಯಿರಿ. ನನ್ನ ತಂಗಿಗೂ ಹೀಗೇ ಆಗಿತ್ತು; ಅವಳ ನಕಲು ದನಿ ಉದ್ದನೆಯ ಸಾಲಿನಲ್ಲೂ ಉಸಿರೇ ಎಳೆದಿರಲಿಲ್ಲ, 'ಳ' ಎಲ್ಲ 'ಲ' ಆಗಿತ್ತು. ಅಂಥದ್ದನ್ನೂ ಸೇರಿಸಿ.

ಯೂಟ್ಯೂಬ್‌ನವರು ವಿಡಿಯೊ ತೆಗೆದೇ ತೆಗೆಯುತ್ತಾರೆ ಅಂತ ಹೇಳಲಾರೆ. ತೆಗೆಯದಿದ್ದರೆ ವಕೀಲರನ್ನು ಕಾಣಿ. 2024ರಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಗೆ ಮಧ್ಯಂತರ (ಅಂತಿಮ ತೀರ್ಪಿಗೆ ಮುಂಚಿನ) ರಕ್ಷಣೆ ಕೊಟ್ಟಿದೆ. ಆ ಆದೇಶದ ಪ್ರತಿ ಜೊತೆಗಿರಲಿ.