ಮುದ್ದೆ ಉಂಡರೂ ತೂಕ ಇಳಿಯುತ್ತಿಲ್ಲವೇ?

ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ಉಣ್ಣುತ್ತಿದ್ದರೂ ಒಂದು ತಿಂಗಳಿಂದ ತೂಕ ಇಳಿದಿಲ್ಲ ಎಂದು ಕೇಳಿದ್ದೀರಿ. ಅದರಲ್ಲಿ ಆಶ್ಚರ್ಯವೇನಿಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ, ಅಷ್ಟೇ ರಾಗಿ ಹಿಟ್ಟಿನಲ್ಲಿ 320ರ ಆಸುಪಾಸು. ರಾಗಿಯ ಹೆಚ್ಚುಗಾರಿಕೆ ಅದರ ನಾರಿನಲ್ಲಿದೆ. ಹೊಟ್ಟೆ ಬೇಗ ತುಂಬುತ್ತದೆ. ಮುದ್ದೆಯ ಗಾತ್ರ ಹಿಗ್ಗಿದರೆ ಆ ಲಾಭವೂ ಹೋಯಿತು. ಒಂದೇ ಮುದ್ದೆ ಸಾಕು, ತಟ್ಟೆಯ ಅರ್ಧ ಭಾಗ ಬಸ್ಸಾರಿನ ಸೊಪ್ಪು ಕಾಳಿನ ಪಲ್ಯವೇ ಇರಲಿ. ಒಗ್ಗರಣೆಯ ಎಣ್ಣೆಯನ್ನು ಅಳೆದು ಹಾಕಿ: ಒಂದು ದೊಡ್ಡ ಚಮಚಕ್ಕೇ ಸುಮಾರು 120 ಕ್ಯಾಲೊರಿ. ಸಂಜೆ ಕಾಫಿಯ ಜೊತೆಗಿನ ಕುರುಕಲಿನ ಬಗ್ಗೆ ನೀವು ಏನೂ ಬರೆದಿಲ್ಲ, ನನಗೇಕೋ ಅಲ್ಲೇ ಅನುಮಾನ! ತೂಕವನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ವಾರಕ್ಕೆ ಅರ್ಧ ಕಿಲೊ ಇಳಿದರೂ ಅದು ಒಳ್ಳೆಯ ವೇಗವೇ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಊಟ ಕಡಿಮೆ ಮಾಡುವ ಮುನ್ನ ವೈದ್ಯರನ್ನು ಕೇಳಿ.