ವಾರಿಯರ್ಸ್ ಮುನ್ನೋಟ: ಇನ್ನೊಮ್ಮೆ ಬರೆದು ಕಳಿಸಿ

ನಮಸ್ಕಾರ,

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ 2024–25ರ ಸೀಸನ್ ಕುರಿತು ನೀವು ಕಳಿಸಿದ ‘ಈ ಸಲ ಕಪ್ ನಮ್ದೇ’ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗೆಂದು ಬದಿಗೆ ಸರಿಸುವ ಬರಹವೂ ಅಲ್ಲ. ಆಟ ನಿಮಗೆ ಗೊತ್ತಿದೆ, ಅದು ಮೂರನೇ ಪುಟದಲ್ಲಿ ಕಾಣುತ್ತದೆ. ಮೊದಲೆರಡು ಪುಟ ದಾಟಿ ಅಲ್ಲಿವರೆಗೆ ಬರುವ ಓದುಗರು ಕಡಿಮೆ, ಅಷ್ಟೇ ತೊಂದರೆ.

ಶೀರ್ಷಿಕೆಯಿಂದಲೇ ಶುರುಮಾಡುತ್ತೇನೆ. ಆರ್‌ಸಿಬಿಯ ಗಂಡಸರ ತಂಡ 2008ರಿಂದ 2024ರವರೆಗೆ ಒಂದೂ ಐಪಿಎಲ್ ಗೆದ್ದಿರಲಿಲ್ಲ. ವಾರಿಯರ್ಸ್ 2015, 2017, 2018, 2022ರಲ್ಲಿ ಚಾಂಪಿಯನ್. ಆರ್‌ಸಿಬಿ ಅಭಿಮಾನಿ ಬಡಿಸುವುದನ್ನೇ ಕಾಯುತ್ತಿದ್ದವನು. ನೀವು ಹೋಳಿಗೆ ಊಟ ಮುಗಿಸಿ ಎಲೆ ಮುಂದೆಯೇ ಕೂತಿರುವವರು. ಆ ಘೋಷಣೆ ಇಲ್ಲಿಗೆ ಒಗ್ಗುವುದಿಲ್ಲ, ಬೇರೆ ಹುಡುಕಿ.

ಪೀಠಿಕೆ ಪೂರ್ತಿ ತೆಗೆಯಿರಿ. 73–9ರ (73 ಗೆಲುವು, 9 ಸೋಲು) ವರ್ಷ, ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು 3–1 ಮುನ್ನಡೆ ಕೈಬಿಟ್ಟದ್ದು, ಡ್ಯುರಾಂಟ್ ಬಂದದ್ದು, ಹೋದದ್ದು, 2022ರಲ್ಲಿ ಬಾಸ್ಟನ್‌ನಲ್ಲಿ ಗೆದ್ದದ್ದು: ಇಷ್ಟಕ್ಕೇ ಅರ್ಧ ಲೇಖನ ಖರ್ಚಾಗಿದೆ. ಇದೆಲ್ಲ ಅಭಿಮಾನಿಗಳಿಗೆ ಬಾಯಿಪಾಠ, ಉಳಿದವರಿಗೆ ಬೇಕಿಲ್ಲ. ನಿಮ್ಮ ಮುನ್ನೋಟ ಶುರುವಾಗಬೇಕಾದ್ದು 2024ರ ಏಪ್ರಿಲ್ 16ರ ರಾತ್ರಿ, ಸ್ಯಾಕ್ರಮೆಂಟೊದಲ್ಲಿ. ಕಿಂಗ್ಸ್ 118, ವಾರಿಯರ್ಸ್ 94. ಕ್ಲೇ ಥಾಂಪ್ಸನ್ ಹತ್ತು ಸಲ ಎಸೆದರು, ಒಂದೂ ಬೀಳಲಿಲ್ಲ. ವಾರಿಯರ್ಸ್ ಪರ ಅವರ ಕೊನೆಯ ಆಟ ಅದೇ ಆಯಿತು. ನೀವು ಅದನ್ನು ‘ಪ್ಲೇಆಫ್ ಸೋಲು’ ಎಂದು ಬರೆದಿದ್ದೀರಿ. ಅದು ಪ್ಲೇ-ಇನ್. 7ರಿಂದ 10ನೇ ಸ್ಥಾನದ ತಂಡಗಳು ಉಳಿದೆರಡು ಪ್ಲೇಆಫ್ ಜಾಗಕ್ಕೆ ಹೊಡೆದಾಡುವ ಸುತ್ತು. 9 ಮತ್ತು 10ನೆಯವರ ಪಂದ್ಯದಲ್ಲಿ ಸೋತವರು ನೇರ ಮನೆಗೆ. ವಾರಿಯರ್ಸ್ ಹತ್ತನೆಯವರಾಗಿದ್ದರು. ಈ ತಪ್ಪು ಒಂದೇ ಸಾಕು, ತಿಳಿದವರು ಓದು ನಿಲ್ಲಿಸಲು.

ಈಗ ಮುಖ್ಯ ಮಾತು. ಈ ಸೀಸನ್‌ನಲ್ಲಿ ಎಷ್ಟು ಗೆಲುವು? ಇಡೀ ಬರಹದಲ್ಲಿ ಆ ಸಂಖ್ಯೆ ಇಲ್ಲ. ‘ಟಾಪ್ ಫೋರ್ ಖಂಡಿತ’ ಎಂದಿದ್ದೀರಿ, ಸರಿ, ಅದನ್ನೇ ಲೆಕ್ಕಕ್ಕೆ ಇಳಿಸೋಣ. ಕಳೆದ ವರ್ಷ, ಅಂದರೆ 2023–24ರಲ್ಲಿ, ವಾರಿಯರ್ಸ್ 46–36. ವಾರಿಯರ್ಸ್ ಇರುವ ಪಶ್ಚಿಮ ಗುಂಪಿನಲ್ಲಿ ನಾಲ್ಕನೆಯ ಕ್ಲಿಪ್ಪರ್ಸ್ 51 ಗೆದ್ದಿತ್ತು, ಆರನೆಯ ಫೀನಿಕ್ಸ್ 49. ಅಂದರೆ ಪ್ಲೇ-ಇನ್ ತಪ್ಪಿಸಿಕೊಳ್ಳಲು ಮೂರು ಗೆಲುವು ಹೆಚ್ಚು ಬೇಕು, ನಿಮ್ಮ ಟಾಪ್ ಫೋರ್‌ಗೆ ಐದು. ಆ ಐದು ಎಲ್ಲಿಂದ ಬರುತ್ತವೆ ಎಂದು ತೋರಿಸುವುದೇ ನಿಮ್ಮ ಲೇಖನದ ಕೆಲಸ.

ಅಂಕಗಳ ಅಂತರದಿಂದ ಲೆಕ್ಕ ಹಾಕುವುದು ಸುಲಭ. ಪಂದ್ಯಕ್ಕೆ ಸರಾಸರಿ ಒಂದು ಅಂಕ ಮೇಲಿದ್ದರೆ 82 ಪಂದ್ಯಗಳಲ್ಲಿ ಸುಮಾರು ಎರಡೂವರೆ ಗೆಲುವು ಹೆಚ್ಚು ಎಂದು ಹಿಡಿಯುತ್ತಾರೆ. ಕಳೆದ ಸಲ ವಾರಿಯರ್ಸ್ ಹೊಡೆದದ್ದು ಪಂದ್ಯಕ್ಕೆ 117.8, ಬಿಟ್ಟುಕೊಟ್ಟದ್ದು 115.2. ಅಂತರ 2.6, ಅದಕ್ಕೆ ಆರೂವರೆ ಗೆಲುವು. ಅರ್ಧಕ್ಕೆ 41, ಅದರ ಮೇಲೆ ಆರೂವರೆ, ಒಟ್ಟು 47.5. ಹಾಗಾಗಿ ‘ಅದೃಷ್ಟ ಕೈಕೊಟ್ಟಿತು’ ಎಂಬ ನಿಮ್ಮ ಸಾಲು ಒಂದೂವರೆ ಗೆಲುವಿನಷ್ಟು ಮಾತ್ರ ನಿಜ. ಉಳಿದದ್ದನ್ನು ಆಟಗಾರರೇ ತರಬೇಕು.

‘ಚೇಸ್ ಸೆಂಟರ್‌ನಲ್ಲಿ ನಮ್ಮನ್ನು ಮುಟ್ಟುವವರಿಲ್ಲ’ ಎಂಬುದು ಹಳೇ ಮಾತು. 2022–23ರಲ್ಲಿ ಮನೆಯಂಗಳದಲ್ಲಿ 33–8, ಹೊರಗೆ 11–30 ಇತ್ತು. ಮರು ವರ್ಷ ತಲೆಕೆಳಗಾಯಿತು: ಮನೆಯಲ್ಲಿ 21–20, ಹೊರಗೆ 25–16. 2024ರ ಜನವರಿ 4ರಂದು ಕೊನೇ ಕ್ವಾರ್ಟರ್‌ನಲ್ಲಿ 18 ಅಂಕ ಮುಂದಿದ್ದು, ಆಟ ಮುಗಿಯುವ ಗಂಟೆ ಬಾರಿಸುವಾಗ ಯೋಕಿಚ್ ದೂರದಿಂದ ಎಸೆದ ಒಂದು ಹೊಡೆತಕ್ಕೆ ಡೆನ್ವರ್‌ಗೆ ಸೋತದ್ದು ಇದೇ ಅಂಗಳದಲ್ಲಿ. ಈ ಉಲ್ಟಾ ಲೆಕ್ಕದ ಬಗ್ಗೆ ನೀವು ಒಂದು ಪ್ಯಾರಾ ಬರೆದರೆ ಬೇರೆಯವರ ಮುನ್ನೋಟಗಳಿಂದ ನಿಮ್ಮದು ತಾನಾಗಿ ಬೇರೆಯಾಗುತ್ತದೆ.

‘ಕ್ಲೇ ಹೋದರೇನು, ಬಡ್ಡಿ ಬಂದರಲ್ಲ’ ಎಂಬ ಸಾಲು ಅಷ್ಟು ಕೆಟ್ಟದ್ದಲ್ಲ. ಮೂರು ಪಾಯಿಂಟಿನ ಹೊಡೆತದಲ್ಲಿ ಕಳೆದ ವರ್ಷ ಥಾಂಪ್ಸನ್ ಶೇ. 38.7, ಬಡ್ಡಿ ಹೀಲ್ಡ್ ಶೇ. 38.6. ಹೀಲ್ಡ್ ಆಡಿದ್ದು 84 ಪಂದ್ಯ. ಇಂಡಿಯಾನದಿಂದ ಫಿಲಡೆಲ್ಫಿಯಕ್ಕೆ ಸೀಸನ್ ನಡುವೆ ಟ್ರೇಡ್ ಆದದ್ದರಿಂದ 82ಕ್ಕಿಂತ ಎರಡು ಜಾಸ್ತಿ. ಇಂಥ ವಿವರವನ್ನು ಓದುಗ ಪಕ್ಕದವರಿಗೆ ಹೇಳುತ್ತಾನೆ, ಅದನ್ನು ಸೇರಿಸಿ. ಆದರೆ ಥಾಂಪ್ಸನ್ ಪಂದ್ಯಕ್ಕೆ 17.9 ಅಂಕ ತರುತ್ತಿದ್ದರು, ಹೀಲ್ಡ್ 12.1. ಉಳಿದ ಆರು ಅಂಕ ಯಾರ ಕೈಯಿಂದ? ನಿಮ್ಮ ಉತ್ತರ ತಂಡದ ಯುವ ಆಟಗಾರ ಜೊನಾಥನ್ ಕುಮಿಂಗಾ ಎಂದಾದರೆ ಮುಂದಿನ ತೊಡಕನ್ನೂ ಬಿಡಿಸಬೇಕು.

ಕುಮಿಂಗಾ ಕಳೆದ ವರ್ಷ 16.1 ಅಂಕದ ಸರಾಸರಿ ಹೊಂದಿದ್ದರು, ಹೆಚ್ಚಿನವು ಬುಟ್ಟಿಯ ಹತ್ತಿರದವು. ದೂರದಿಂದ ಶೇ. 32.1 ಮಾತ್ರ. ಟ್ರೇಸ್ ಜಾಕ್ಸನ್-ಡೇವಿಸ್ ದೂರದಿಂದ ಎಸೆಯುವವರೇ ಅಲ್ಲ. ಡ್ರೇಮಂಡ್ ಗ್ರೀನ್ ಎಸೆದರೆ ಎದುರಾಳಿಗೆ ಸಂತೋಷ. ಈ ಮೂವರನ್ನೂ ಒಟ್ಟಿಗೆ ಇಳಿಸಿದರೆ ಎದುರಾಳಿಗಳು ಅವರನ್ನು ಬಿಟ್ಟು ತಂಡದ ಮುಖ್ಯ ಆಟಗಾರ ಸ್ಟೀಫನ್ ಕರ್ರಿ ಮೇಲೆ ಇಬ್ಬರನ್ನು ಹಾಕುತ್ತಾರೆ, ಮೂರನೆಯವನು ಬುಟ್ಟಿಯ ಕೆಳಗೆ ಕಾವಲು ನಿಲ್ಲುತ್ತಾನೆ. ಕುಮಿಂಗಾ ನುಗ್ಗುವ ದಾರಿಯೂ ಅಲ್ಲೇ ಮುಚ್ಚುತ್ತದೆ. ಹಾಗಾಗಿ ‘ಕುಮಿಂಗಾ ಸ್ಟಾರ್ಟ್ ಮಾಡಬೇಕು’ ಎಂದಷ್ಟೇ ಬರೆದರೆ ಸಾಲದು. ಯಾರ ಜೊತೆ, ಯಾರನ್ನು ಕೂರಿಸಿ, ಎಷ್ಟು ನಿಮಿಷ ಎಂದು ಐದು ಹೆಸರು ಬರೆಯಿರಿ. ತಪ್ಪಾದರೆ ಆಗಲಿ, ಓದುಗ ಜಗಳಕ್ಕೆ ಬಂದರೆ ಒಳ್ಳೆಯದೇ.

ನಿಮ್ಮ ಮೂರನೇ ಪುಟ ಇಷ್ಟವಾದದ್ದು ಕರ್ರಿ ಬೆಂಚಿನಲ್ಲಿ ಕೂತಿರುವ ಹೊತ್ತಿನ ಬಗ್ಗೆ ಬರೆದದ್ದಕ್ಕೆ. ಆದರೆ ನಾಲ್ಕೇ ಸಾಲಿಗೆ ನಿಲ್ಲಿಸಿಬಿಟ್ಟಿದ್ದೀರಿ. ಅದೇ ಲೇಖನದ ಬೆನ್ನೆಲುಬಾಗಬೇಕು. ಕರ್ರಿ ಪಂದ್ಯಕ್ಕೆ 32.7 ನಿಮಿಷ ಆಡಿದರು, 48ರಲ್ಲಿ ಉಳಿದದ್ದು 15. ಕಳೆದ ವರ್ಷ ಆ ಹೊತ್ತನ್ನು ಬಹುಪಾಲು ಕ್ರಿಸ್ ಪೌಲ್ ನಡೆಸಿದರು: 6.8 ಅಸಿಸ್ಟ್‌ಗೆ (ಅಂಕ ತಂದ ಪಾಸ್) 1.3 ಟರ್ನೋವರ್ (ಚೆಂಡು ಕಳೆದದ್ದು). ಸುಮಾರು 3 ಕೋಟಿ ಡಾಲರ್ ಸಂಬಳ ಖಾತರಿಯಾಗುವ ಮೊದಲೇ ಅವರನ್ನು ಬಿಟ್ಟರು, ಅವರು 2024–25ಕ್ಕೆ ಸ್ಯಾನ್ ಆಂಟೋನಿಯೊ ಸೇರಿದರು. ಇನ್ನು ಚೆಂಡು ಯಾರ ಕೈಗೆ? ಪೊಡ್ಜೆಮ್‌ಸ್ಕಿಗೆ ಇದು ಎರಡನೇ ವರ್ಷ. ಕೈಲ್ ಆಂಡರ್ಸನ್ ನಿಧಾನವಾಗಿ ಆಡಿಸುತ್ತಾರೆ, ಚೆಂಡು ಕಳೆಯುವುದಿಲ್ಲ, ಆದರೆ ಹೊರಗಿನ ಹೊಡೆತಕ್ಕೆ ಯಾರೂ ಹೆದರುವುದಿಲ್ಲ. ಮೆಲ್ಟನ್ ಮೂವರಲ್ಲಿ ಒಳ್ಳೆಯ ಡಿಫೆಂಡರ್; ಬೆನ್ನುನೋವಿನಿಂದ ಕಳೆದ ವರ್ಷ 38 ಪಂದ್ಯ ಮಾತ್ರ ಆಡಿದರು. ಕರ್ರಿಗೆ 2025ರ ಮಾರ್ಚ್‌ನಲ್ಲಿ 37 ತುಂಬುತ್ತದೆ. ಈ ಹದಿನೈದು ನಿಮಿಷ ನೆಟ್ಟಗಾಗದಿದ್ದರೆ ಕೋಚ್ ಸ್ಟೀವ್ ಕರ್ ಕರ್ರಿಯನ್ನು 35 ನಿಮಿಷಕ್ಕೆ ಎಳೆಯುತ್ತಾರೆ, ಏಪ್ರಿಲ್ ಹೊತ್ತಿಗೆ ಕಾಲು ಸೋಲುತ್ತದೆ. ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಫ್ರಾನ್ಸ್ ಎದುರು ಅವರು ಹಾಕಿದ ಎಂಟು ತ್ರೀಗಳನ್ನು ವರ್ಣಿಸಲು ನೀವು ಬಳಸಿದ ಜಾಗವನ್ನು ಇದಕ್ಕೆ ಕೊಡಿ.

ಗ್ರೀನ್ ಬಗ್ಗೆ ‘ತಂಡದ ಎದೆಗಾರಿಕೆ’ ಎಂದು ಹೊಗಳಿ ಮುಂದೆ ಹೋಗಿದ್ದೀರಿ. ಅವರು ಆಡಿದ್ದು 55 ಪಂದ್ಯ. ಗೊಬೇರ್ ಕುತ್ತಿಗೆ ಹಿಡಿದದ್ದಕ್ಕೆ 5, ನುರ್ಕಿಚ್ ಮುಖಕ್ಕೆ ಹೊಡೆದದ್ದಕ್ಕೆ 12 ಪಂದ್ಯ ನಿಷೇಧ. ಅಭಿಮಾನಿ ಇದನ್ನು ಬರೆದರೆ ಅಭಿಮಾನಕ್ಕೆ ಕುಂದಿಲ್ಲ.

‘ಡಿಸೆಂಬರ್‌ನಲ್ಲಿ ಮಾರ್ಕನೆನ್ ಬಂದರೆ ಕಥೆಯೇ ಬೇರೆ’ ಎಂಬ ಪ್ಯಾರಾವನ್ನು ಪೂರ್ತಿ ಹೊಡೆದುಹಾಕಿ. ಮಾರ್ಕನೆನ್ ಆಗಸ್ಟ್ 7ರಂದು ಯೂಟಾ ಜೊತೆ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಆ ಬಗೆಯ ಒಪ್ಪಂದವಾದ ಮೇಲೆ ಆರು ತಿಂಗಳು ಟ್ರೇಡ್ ಮಾಡುವಂತಿಲ್ಲ. ಟ್ರೇಡ್ ಗಡುವು ಫೆಬ್ರವರಿ 6. ಒಂದು ದಿನದ ಅಂತರದಲ್ಲಿ ಬಾಗಿಲು ಮುಚ್ಚಿದೆ. ಇನ್ಯಾರನ್ನೋ ತರುವುದಾದರೂ, ಮೆಲ್ಟನ್‌ಗೆ 1.28 ಕೋಟಿ ಡಾಲರ್ ಕೊಟ್ಟ ರೀತಿ ಮತ್ತು ಹೀಲ್ಡ್, ಆಂಡರ್ಸನ್ ಬಂದ ಬಗೆಯಿಂದ ತಂಡದ ಒಟ್ಟು ಸಂಬಳಕ್ಕೆ 17.81 ಕೋಟಿ ಡಾಲರ್ ಗಟ್ಟಿ ಮಿತಿ ಬಿದ್ದಿದೆ; ವರ್ಷವಿಡೀ ಒಂದು ಡಾಲರೂ ಮೀರುವಂತಿಲ್ಲ, ತಂಡ ಈಗಲೇ ಅಂಚಿನಲ್ಲಿದೆ. ಈ ಮೂವರನ್ನೂ ಡಿಸೆಂಬರ್ 15ಕ್ಕೆ ಮೊದಲು ಟ್ರೇಡ್ ಮಾಡಲಾಗದು. ಹಾಗಾಗಿ ಡಿಸೆಂಬರ್ 15ರಿಂದ ಫೆಬ್ರವರಿ 6ರವರೆಗಿನ ಕಿಂಡಿಯಲ್ಲಿ ಏನಾಗಬಹುದು ಎಂದು ಬರೆಯಿರಿ.

ವೇಳಾಪಟ್ಟಿಗೆ ಎರಡು ಸಾಲು ಸಾಕು. ಪೆಸಿಫಿಕ್ ವಿಭಾಗದ ನಾಲ್ವರ ಜೊತೆ ತಲಾ ನಾಲ್ಕು, ಒಟ್ಟು 16 ಪಂದ್ಯ. ಕಳೆದ ವರ್ಷ ಈ ವಿಭಾಗದಲ್ಲಿ ವಾರಿಯರ್ಸ್ ಐದಕ್ಕೆ ಐದನೆಯವರು. ನವೆಂಬರ್ 12ರಂದು ಥಾಂಪ್ಸನ್ ಡಲ್ಲಾಸ್ ಜೆರ್ಸಿಯಲ್ಲಿ ಬರುತ್ತಾರೆ, ಅದನ್ನು ಬಿಡಬೇಡಿ. ಬೆಂಗಳೂರು, ಮೈಸೂರಿನ ಓದುಗರಿಗೆ ಸಮಯ ಹೇಳುವಾಗ ಎಚ್ಚರ: ಸ್ಯಾನ್ ಫ್ರಾನ್ಸಿಸ್ಕೊದ ಸಂಜೆ 7 ಗಂಟೆ ಎಂದರೆ ಇಲ್ಲಿ ಮಾರನೇ ಬೆಳಿಗ್ಗೆ 7.30, ನವೆಂಬರ್ 3ರ ನಂತರ 8.30.

ನನ್ನನ್ನು ಕೇಳಿದರೆ ಈ ತಂಡಕ್ಕೆ 45 ಗೆಲುವು, ಮತ್ತೆ ಪ್ಲೇ-ಇನ್. ಮೆಂಫಿಸ್‌ಗೆ ಜಾ ಮೊರಾಂಟ್ ಮರಳುತ್ತಿದ್ದಾರೆ, ಹ್ಯೂಸ್ಟನ್ ಕಳೆದ ವರ್ಷದ 41 ಗೆಲುವಿನಲ್ಲೇ ನಿಲ್ಲುವ ತಂಡವಲ್ಲ. ನೀವು 51 ಎನ್ನಿ, ನಾನು ಪ್ರಕಟಿಸುತ್ತೇನೆ, ಐದೂ ಗೆಲುವಿಗೆ ಲೆಕ್ಕ ಕೊಟ್ಟರೆ.

1,200 ಪದ ಮೀರದಿರಲಿ. ಮೊದಲ ಪಂದ್ಯ ಅಕ್ಟೋಬರ್ 23ಕ್ಕೆ ಪೋರ್ಟ್‌ಲ್ಯಾಂಡ್‌ನಲ್ಲಿ. ಕುಮಿಂಗಾ ಮತ್ತು ಮೂಡಿ ಒಪ್ಪಂದ ಮುಂದುವರಿಕೆಯ ಗಡುವು 21. ಆದ್ದರಿಂದ 19ರೊಳಗೆ ಕರಡು ಕಳಿಸಿ, ಆ ಇಬ್ಬರ ಪ್ಯಾರಾದಲ್ಲಿ ಎರಡು ಸಾಲು ಖಾಲಿ ಬಿಟ್ಟಿರಿ. 22ರ ಬೆಳಿಗ್ಗೆ ಅದನ್ನು ತುಂಬಿಸಿ ಹಾಕೋಣ.

— ಸಂ.