ಖಾಲಿ ವೆನಿಸ್ಸಿನ ಆ ಎರಡು ದಿನ

(ಓದುಗರ ಪತ್ರಕ್ಕೆ ಸಂಪಾದಕರ ಉತ್ತರ)

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ನಿಮ್ಮ ನಾಲ್ಕು ಪುಟದ ಪತ್ರದ ಸಾರವನ್ನಷ್ಟೇ ಉಳಿದ ಓದುಗರಿಗೆ ಹೇಳುತ್ತೇನೆ. ನೀವಿರುವುದು ಮ್ಯೂನಿಕ್‌ನಲ್ಲಿ. ವೆನಿಸ್ ಅಂದರೆ ನಿಮಗೆ ಪ್ರಾಣ. ಮೂರು ಸಲ ಹೋಗಿದ್ದೀರಿ. ಮೂರನೆಯ ಸಲ ಹೋಗಿದ್ದು 2020ರ ಜೂನ್ ಕೊನೆಗೆ, ಇಟಲಿ ಗಡಿ ತೆರೆದ ಕೆಲವೇ ವಾರಕ್ಕೆ, ಗಂಡನ ಜೊತೆ ಕಾರಿನಲ್ಲಿ. ಊರು ಖಾಲಿ ಹೊಡೆಯುತ್ತಿತ್ತು. ರಿಯಾಲ್ಟೊ ಸೇತುವೆಯ ಕಟ್ಟೆಗೆ ಒರಗಿ ಅರ್ಧ ಗಂಟೆ ನಿಂತರೂ ಯಾರೂ 'ಸ್ವಲ್ಪ ಸರೀರಿ' ಎನ್ನಲಿಲ್ಲ. ಆಗ ಅಷ್ಟು ಖುಷಿಪಟ್ಟಿದ್ದು ಈಗ ಚುಚ್ಚುತ್ತಿದೆ. ಕೊರೊನಾದಿಂದ ಜನ ಸಾಯುತ್ತಿದ್ದ ಕಾಲದಲ್ಲಿ ನಾನು ತಿರುಗಾಡಿದ್ದು ಸರಿಯಾ ಎಂದು ಕೇಳಿದ್ದೀರಿ. ಜೊತೆಗೆ ನನಗೂ ಒಂದು ಏಟು ಕೊಟ್ಟಿದ್ದೀರಿ. ಆ ವರ್ಷ ಇದೇ ಪತ್ರಿಕೆಯಲ್ಲಿ ನಾನು 'ಜನರಿಲ್ಲದ ವೆನಿಸ್ಸೇ ನಿಜವಾದ ವೆನಿಸ್' ಎಂದು ಬರೆದಿದ್ದೆ. ಮತ್ತೆ ಹೋದರೆ ಆ ವೆನಿಸ್ ಸಿಗುತ್ತದಾ ಎಂದು ಕೇಳಿದ್ದೀರಿ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಕೇಳಲು ಚೆನ್ನಾಗಿದೆ ಅಂತ ಆ ಸಾಲು ಬರೆದುಬಿಟ್ಟೆ. ಅದು ಎಷ್ಟು ಪೊಳ್ಳು ಅಂತ ಗೊತ್ತಾಗಿದ್ದು ನಿಮ್ಮ ಪತ್ರ ಓದಿದ ಮೇಲೆ. ಅದರಲ್ಲಿ ನೀವು ಸುಮ್ನೆ ದಾಟಿಹೋದ ಎರಡು ವಿಷಯಗಳಿವೆ. ಬೆಳಗ್ಗೆ ಪಟ್ಟೆ ಅಂಗಿಯ ಗೊಂಡೊಲಾದವನು ದೋಣಿಯ ಪಕ್ಕದ ಹಿತ್ತಾಳೆ ಕುದುರೆಯನ್ನು ಬಟ್ಟೆಯಲ್ಲಿ ಉಜ್ಜುತ್ತಿದ್ದ. ಮಧ್ಯಾಹ್ನ ನೀವು ಅದೇ ದಾರಿಯಲ್ಲಿ ವಾಪಸ್ ಬಂದಾಗಲೂ ಅದೇ ಕುದುರೆಯನ್ನು ಉಜ್ಜುತ್ತಿದ್ದ. ಇನ್ನೊಂದು, ರಾತ್ರಿ ಕಾಲುವೆಯ ಎರಡೂ ಬದಿ ಒಂದು ಕಿಟಕಿಯಲ್ಲೂ ಬೆಳಕಿರಲಿಲ್ಲ, 'ಎಂಥ ಶಾಂತಿ' ಎಂದು ಬರೆದಿದ್ದೀರಿ.

ಆ ಕಿಟಕಿಗಳು ಯಾಕೆ ಕತ್ತಲಾಗಿದ್ದವು ಗೊತ್ತಾ? ಒಳಗಿನವರು ಮಲಗಿದ್ದರು ಅಂತಲ್ಲ. ಅಂಥ ಎಷ್ಟೋ ಮನೆಗಳು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಹೋಗುವ ಮನೆಗಳು. 1950ರ ದಶಕದ ಶುರುವಿನಲ್ಲಿ ವೆನಿಸ್‌ನ ಹಳೇ ಊರಿನಲ್ಲಿ ಸುಮಾರು 1.75 ಲಕ್ಷ ಜನ ಇದ್ದರು. 2022ರ ಆಗಸ್ಟ್‌ನಲ್ಲಿ ಆ ಸಂಖ್ಯೆ 50 ಸಾವಿರಕ್ಕಿಂತ ಕೆಳಗಿಳಿಯಿತು. ನಮ್ಮಂಥವರು ಬರುವುದು ನಿಂತ ಕೂಡಲೇ ಆ ಊರಿನಲ್ಲಿ ಎಷ್ಟು ಕಡಿಮೆ ಜನ ಉಳಿದಿದ್ದಾರೆ ಅಂತ ಕಣ್ಣಿಗೇ ಕಂಡಿತು. ನಾನು ಅದನ್ನು ಸೌಂದರ್ಯ ಅಂದುಕೊಂಡೆ. ನೀವು ಶಾಂತಿ ಅಂದುಕೊಂಡಿರಿ.

ಆ ಊರಿಗೆ ಅದು ಎಂಥ ಹೊತ್ತು ಅನ್ನುವುದೂ ನೆನಪಿರಲಿ. 2019ರ ನವೆಂಬರ್ 12ರಂದು ಸಮುದ್ರದ ಉಬ್ಬರ 187 ಸೆಂಟಿಮೀಟರ್‌ಗೆ ಏರಿ ಊರಿನ ಬಹುಭಾಗ ಮುಳುಗಿತ್ತು. ಅದರ ಕೆಸರು ತೊಳೆದು ಅಂಗಡಿ ತೆರೆಯುವಷ್ಟರಲ್ಲಿ 2020ರ ಫೆಬ್ರವರಿ 23ಕ್ಕೆ, ಇನ್ನೂ ಎರಡು ದಿನ ಬಾಕಿ ಇರುವಾಗಲೇ, ಮುಖವಾಡದ ಹಬ್ಬ ಕಾರ್ನಿವಲ್ ನಿಲ್ಲಿಸಿದರು. ಮಾರ್ಚ್‌ನಲ್ಲಿ ಇಡೀ ದೇಶಕ್ಕೆ ಲಾಕ್‌ಡೌನ್. ಸಾನ್ ಮಾರ್ಕೊ ಚೌಕದ ಕೆಫೆ ಫ್ಲೋರಿಯನ್ ಶುರುವಾಗಿದ್ದು 1720ರಲ್ಲಿ. ತನಗೆ ಮುನ್ನೂರು ತುಂಬಿದ ಆ ಡಿಸೆಂಬರ್‌ನಲ್ಲಿ ಅದರ ಬಾಗಿಲು ಹಾಕಿತ್ತು.

ಕಾಲುವೆ ನೀರು ತಿಳಿಯಾಗಿತ್ತು ಎಂದಿದ್ದೀರಲ್ಲ, ಅದು ನಿಜ. ದೋಣಿ ಓಡಾಟ ನಿಂತಿದ್ದಕ್ಕೆ ಕೆಸರು ತಳದಲ್ಲೇ ಕೂತಿತ್ತು, ಅಷ್ಟೇ. ನೀರು ಸ್ವಚ್ಛವಾಯಿತು ಅಂತ ಅಲ್ಲ. ಡಾಲ್ಫಿನ್ ಬಂತು ಅಂತ ಓಡಾಡಿದ ವಿಡಿಯೊ ಸಾರ್ಡಿನಿಯಾ ದ್ವೀಪದ ಬಂದರಿನದು. (ಆ ಡಾಲ್ಫಿನ್ ನಮ್ಮ ಪತ್ರಿಕೆಯ ಪುಟದವರೆಗೂ ಈಜಿ ಬಂದಿತ್ತು. ಅಚ್ಚಿಗೆ ಹೋಗುವ ಮುಂಚೆ ಕಿರಿಯ ಸಹೋದ್ಯೋಗಿಯೊಬ್ಬರು ಹಿಡಿದರು. ನಾನು ಹಿಡಿಯಲಿಲ್ಲ.)

ಇನ್ನು ಹೋಗಿದ್ದು ಸರಿಯಾ ಅನ್ನುವ ಪ್ರಶ್ನೆ. ಇದಕ್ಕೆ ಉತ್ತರ ಆ ಊರಿನ ಹತ್ತಿರವೇ ಇದೆ. 'ಕ್ವಾರಂಟೈನ್' ಅನ್ನುವ ಮಾತೇ ವೆನಿಸ್‌ನವರದು. ಅವರ ಆಡುಮಾತಿನಲ್ಲಿ ನಲವತ್ತು ದಿನ ಅಂತ ಅರ್ಥ. ಹಡಗುಗಳನ್ನು ಹೊರಗೇ ತಡೆದು ಕಾಯಿಸುವುದನ್ನು ಮೊದಲು ಶುರು ಮಾಡಿದ್ದು 1377ರಲ್ಲಿ ರಗೂಸಾ, ಅಂದರೆ ಈಗಿನ ಕ್ರೊಯೇಷಿಯಾದ ಡುಬ್ರೊವ್ನಿಕ್. ಅಲ್ಲಿ ಮೂವತ್ತು ದಿನವಿತ್ತು. ವೆನಿಸ್‌ನವರು 1423ರಲ್ಲಿ ಪ್ಲೇಗ್ ರೋಗಿಗಳಿಗೆ ಒಂದು ದ್ವೀಪವನ್ನೇ ಬಿಟ್ಟುಕೊಟ್ಟರು. 1468ರಲ್ಲಿ ಲಝರೆಟ್ಟೊ ನುವೊವೊ ಅನ್ನುವ ಇನ್ನೊಂದು ದ್ವೀಪ ಗೊತ್ತುಮಾಡಿದರು. ಅನುಮಾನ ಇರುವ ಹಡಗಿನವರು ಅಲ್ಲಿ ಇಳಿಯಬೇಕು. ಸರಕು ಬಿಚ್ಚಿ ಗಾಳಿಗೆ ಹರಡಬೇಕು, ಗಿಡಮೂಲಿಕೆ ಹೊಗೆ ಹಾಕಬೇಕು, ದಿನ ಎಣಿಸುತ್ತಾ ಕೂರಬೇಕು.

ಇಷ್ಟೆಲ್ಲ ತಾಪತ್ರಯ ಯಾಕೆ? ಬಂದರು ಮುಚ್ಚಿಬಿಡಬಹುದಿತ್ತಲ್ವಾ? ಮುಚ್ಚಿದರೆ ಊರಿಗೆ ಅನ್ನವಿಲ್ಲ. ಬದುಕುತ್ತಿದ್ದುದೇ ವ್ಯಾಪಾರದ ಮೇಲೆ. ನಲವತ್ತು ದಿನದ ನಿಯಮ ಮಾಡಿದ್ದು ಬರುವವರು ಬರುತ್ತಲೇ ಇರಲಿ ಅಂತ. ಆಗಿನ ಇಟಲಿಯಲ್ಲಿ ಪ್ರಯಾಣಿಕರು 'ಪ್ಲೇಗ್ ಇಲ್ಲದ ಊರಿನಿಂದ ಬಂದವನು' ಅನ್ನುವ ಚೀಟಿ ಇಟ್ಟುಕೊಂಡು ಓಡಾಡುತ್ತಿದ್ದರು. 2021ರ ಆಗಸ್ಟ್‌ನಲ್ಲಿ ಹೋಟೆಲ್ ಒಳಗೆ ಕೂತು ಊಟ ಮಾಡಲು ಮೊಬೈಲ್‌ನಲ್ಲಿ ಗ್ರೀನ್ ಪಾಸ್ (ಕೊರೊನಾ ಲಸಿಕೆ, ಟೆಸ್ಟ್ ಇತ್ಯಾದಿಯ ಪ್ರಮಾಣಪತ್ರ) ತೋರಿಸಿ ಎಂದಾಗ ಕೆಲವರು ಪ್ರಪಂಚ ಮುಳುಗಿದಂತೆ ಕೂಗಾಡಿದರು. ಅದೇ ಚೀಟಿ, ಕಾಗದ ಹೋಗಿ ಫೋನ್ ಬಂದಿತ್ತು.

ಈ ನಿಯಮಗಳಿಂದ ಎಲ್ಲ ತಪ್ಪಲಿಲ್ಲ, ನಿಜ. 1630-31ರ ಪ್ಲೇಗ್‌ನಲ್ಲಿ ಊರಿನ ಸುಮಾರು 46 ಸಾವಿರ ಜನ ಹೋದರು. ನೀವು ಫೋಟೋ ಕಳಿಸಿದ್ದೀರಲ್ಲ, ದೊಡ್ಡ ಕಾಲುವೆಯ ಬಾಯಲ್ಲಿರುವ ಬಿಳಿ ಗುಮ್ಮಟದ ಸಲೂಟೆ ಚರ್ಚು, ಅದು ಆಗ ಹೊತ್ತ ಹರಕೆಯದು. ಈಗಲೂ ಪ್ರತಿ ನವೆಂಬರ್ 21ರಂದು ಊರಿನವರು ಅಲ್ಲಿಗೆ ಹೋಗಿ ಮೋಂಬತ್ತಿ ಹಚ್ಚುತ್ತಾರೆ.

ಗಡಿ ತೆರೆದ ಮೇಲೆ ಹೋದಿರಿ, ಒಂದು ಮೀಟರ್ ದೂರ ನಿಂತಿರಿ, ರೂಮಿನ ಬಾಡಿಗೆ ಕೊಟ್ಟಿರಿ, ಊಟ ಮಾಡಿ ಬಿಲ್ ಕಟ್ಟಿದಿರಿ. ಆ ಜೂನ್‌ನಲ್ಲಿ ಅವರಿಗೆ ಬೇಕಾಗಿದ್ದೂ ಅದೇ. ಅದಕ್ಕೆ ನೊಂದುಕೊಳ್ಳಬೇಡಿ. ವೇಪರೆಟ್ಟೊ ಅನ್ನುವ, ಬಸ್ಸಿನಂತೆ ಓಡುವ ದೋಣಿಯಲ್ಲಿ ಮಾಸ್ಕನ್ನು ಗದ್ದಕ್ಕೆ ಇಳಿಸಿ ಫೋಟೋ ತೆಗೆಸಿಕೊಂಡೆವು ಅಂತಲೂ ಬರೆದಿದ್ದೀರಿ. ಬೇಜಾರು ಮಾಡಿಕೊಳ್ಳಲೇಬೇಕು ಅಂತಿದ್ದರೆ ಅದಕ್ಕೆ ಮಾಡಿಕೊಳ್ಳಿ.

ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. 'ಆ ಗುಂಪಿಲ್ಲದೆ ಎಷ್ಟು ಚೆನ್ನಾಗಿತ್ತು' ಎಂದಿದ್ದೀರಿ. ಮೊದಲೆರಡು ಸಲ ರಿಯಾಲ್ಟೊ ಮೇಲೆ ಬೇರೆಯವರ ಫೋಟೋಕ್ಕೆ ಅಡ್ಡ ನಿಂತಿದ್ದವರಲ್ಲಿ ನೀವೂ ಇದ್ದಿರಿ ಅಲ್ವಾ?

ಮತ್ತೆ ಹೋಗಿ. ಆ ವೆನಿಸ್ ಸಿಗುವುದಿಲ್ಲ, ಸಿಗಲೂಬಾರದು. 25 ಸಾವಿರ ಗ್ರಾಸ್ ಟನ್‌ಗಿಂತ (ಇದು ಹಡಗಿನ ಗಾತ್ರದ ಅಳತೆ) ದೊಡ್ಡ ಹಡಗುಗಳಿಗೆ 2021ರ ಆಗಸ್ಟ್‌ನಿಂದ ಸಾನ್ ಮಾರ್ಕೊ ಮುಂದೆ ಹಾಯಲು ಬಿಡುತ್ತಿಲ್ಲ, ಅಷ್ಟು ವಾಸಿ. ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ 2024ರಲ್ಲಿ ಕೆಲವು ದಿನ 5 ಯೂರೊ ಪ್ರವೇಶ ಶುಲ್ಕ ಹಾಕಿದರು. ರಾತ್ರಿ ಉಳಿಯುವವರು ಅದನ್ನು ಕೊಡಬೇಕಿರಲಿಲ್ಲ. ನೀವೂ ಉಳಿಯಿರಿ. ಮೂರು ರಾತ್ರಿಯಾದರೂ ಇರಿ, ವಾರಾಂತ್ಯವೂ ಸೇರಲಿ. ಹಗಲು ಜನ ತುಂಬಿರುವಾಗ ಫೊಂದಮೆಂತೆ ನೋವೆ ದಂಡೆಯಿಂದ 13ನೇ ನಂಬರಿನ ದೋಣಿ ಹತ್ತಿ. ಲಝರೆಟ್ಟೊ ನುವೊವೊ ಅಂತ ಮೊದಲೇ ಹೇಳಿ, ಕೇಳಿದರೆ ಮಾತ್ರ ನಿಲ್ಲಿಸುತ್ತಾರೆ. ದ್ವೀಪ ಯಾವ ದಿನ ತೆರೆದಿರುತ್ತದೆ ಅಂತ ವಿಚಾರಿಸಿಕೊಂಡೇ ಹೊರಡಿ. ಅಲ್ಲಿ ಸರಕು ಹರಡುತ್ತಿದ್ದ ಉದ್ದನೆಯ ಕಟ್ಟಡ ಇದೆ. ಅದರ ಗೋಡೆ ಮೇಲೆ ನಲವತ್ತು ದಿನ ಕಾದು ಕೂತಿದ್ದವರು ಕೆಂಪು ಬಣ್ಣದಲ್ಲಿ ಗೀಚಿದ ಹೆಸರುಗಳು, ಹಡಗಿನ ವಿವರಗಳು ಈಗಲೂ ಕಾಣುತ್ತವೆ. ಫೋಟೋ ತೆಗೆದು ಕಳಿಸಿ. ಈ ಸಲ ನೋಡಿಯೇ ಹಾಕುತ್ತೇನೆ.

ಇತಿ ನಿಮ್ಮ,
ಸಂಪಾದಕ